ನೂರು ಜನ ಹೇಳಿದರೆ ನಿಜವಾಗುತ್ತಾ?

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಂಡಿ ಕೀಲು ಬದಲಿಸುವ ಆಪರೇಷನ್ ಬಗ್ಗೆ ನಾವು ಹಾಕಿದ್ದ ಲೇಖನ ನಿಮಗೆ ಧೈರ್ಯ ಕೊಟ್ಟಿತ್ತು. ಅಮ್ಮನಿಗೆ ಮಾಡಿಸೋಣ ಅಂತ ಮನೆಯಲ್ಲಿ ಮಾತೂ ಆಗಿತ್ತು. ಆಮೇಲೆ ವೆಬ್‌ಸೈಟಿನಲ್ಲಿ ಅದರ ಕೆಳಗಿದ್ದ ಕಾಮೆಂಟ್‌ಗಳನ್ನು ಓದಿದಿರಿ. ಇದ್ದ ಧೈರ್ಯವೆಲ್ಲ ಉಡುಗಿಹೋಯಿತು. 'ನೂರು ಜನ ಬೇಡ ಅಂತಿದ್ದಾರೆ. ಅಷ್ಟೂ ಜನ ಸುಳ್ಳು ಹೇಳ್ತಾರಾ?' ಅಂತ ಕೇಳಿದ್ದೀರಿ.

ಯಾರೂ ಸುಳ್ಳು ಹೇಳುತ್ತಿಲ್ಲ ಅಂತಲೇ ಇಟ್ಟುಕೊಳ್ಳೋಣ. ಆದರೂ ಆ ನೂರು ಜನ ಯಾರು ಅಂತ ನೋಡಬೇಕು. ಆಪರೇಷನ್ ಆಗಿ ನೋವು ಹೋದವರು ತಮ್ಮ ಪಾಡಿಗೆ ಓಡಾಡಿಕೊಂಡಿರುತ್ತಾರೆ. ಅವರಿಗೆ ಮಂಡಿಯ ನೆನಪೇ ಬರುವುದಿಲ್ಲ. ರಾತ್ರಿ ಎರಡು ಗಂಟೆಗೆ ನೋವಿಗೆ ನಿದ್ದೆ ಬಾರದೆ ಫೋನ್ ಹಿಡಿದು ಕೂತವರು ಬರೆಯುತ್ತಾರೆ. ಅವರ ನೋವು ನಿಜ. ಆದರೆ ಎಷ್ಟು ಜನಕ್ಕೆ ಹೀಗಾಗುತ್ತದೆ ಅನ್ನೋದು ಅವರ ಮಾತಿನಿಂದ ತಿಳಿಯುವುದಿಲ್ಲ. ಅಮೆರಿಕದ ಎನ್‌ಪಿಆರ್ ರೇಡಿಯೊ 2016ರಲ್ಲಿ ತನ್ನ ವೆಬ್‌ಸೈಟಿನ ಕಾಮೆಂಟ್ ವಿಭಾಗವನ್ನೇ ಮುಚ್ಚಿತು. ಆ ವರ್ಷ ಜುಲೈನಲ್ಲಿ ಸೈಟಿಗೆ ಬಂದವರು ಸುಮಾರು 3.3 ಕೋಟಿ. ಬಂದ ಕಾಮೆಂಟ್‌ಗಳು 4,91,000. ಬರೆದವರು ಬರೀ 19,400 ಜನ.

ಸುಳ್ಳೂ ಇರುತ್ತದೆ, ಇಲ್ಲ ಅನ್ನುವುದಿಲ್ಲ. 2017ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಇಂಟರ್ನೆಟ್ ನಿಯಮಗಳ ಬಗ್ಗೆ ಜನರ ಅಭಿಪ್ರಾಯ ಕೇಳಿತ್ತು. 2.2 ಕೋಟಿ ಬಂದವು. ಅದರಲ್ಲಿ ಸುಮಾರು 1.8 ಕೋಟಿ ನಕಲಿ ಅಂತ ನ್ಯೂಯಾರ್ಕ್ ಅಟಾರ್ನಿ ಜನರಲ್ ಕಚೇರಿ 2021ರಲ್ಲಿ ವರದಿ ಕೊಟ್ಟಿತು. 77 ಲಕ್ಷವನ್ನು 19 ವರ್ಷದ ಒಬ್ಬ ಕಾಲೇಜು ವಿದ್ಯಾರ್ಥಿಯೇ ಸಾಫ್ಟ್‌ವೇರ್ ಬಳಸಿ ಕಳಿಸಿದ್ದ. ನಿಯಮ ಬೇಡ ಅನ್ನುವವರ ಕಡೆಯಿಂದಲೂ ನಕಲಿ ಬಂದಿತ್ತು, ಬೇಕು ಅನ್ನುವವರ ಕಡೆಯಿಂದಲೂ ಬಂದಿತ್ತು.

ಹಾಗಾಗಿ ಎಷ್ಟು ಜನ ಅಂತ ಎಣಿಸುವುದನ್ನು ಬಿಡಿ. ಒಂದೊಂದಾಗಿ ಓದೋಣ. ನೀವು ಐದು ಕಾಮೆಂಟ್ ಬರೆದು ಕಳಿಸಿದ್ದೀರಿ. ಮೊದಲನೆಯದು: 'ಇದೆಲ್ಲ ದುಡ್ಡು ಮಾಡೋ ದಂಧೆ. ಯಾರೂ ಮಾಡಿಸ್ಕೋಬೇಡಿ.' ನಾಲ್ಕನೆಯದು: 'ನಮ್ಮ ತಾಯಿಗೆ 68. ಬಲ ಮಂಡಿ ಆಪರೇಷನ್ ಆಗಿ ಎಂಟು ತಿಂಗಳಾಯ್ತು. ಈಗ ಮೆಟ್ಟಿಲು ಹತ್ತುತ್ತಾರೆ, ಆದರೆ ನೆಲದ ಮೇಲೆ ಕೂರಲು ಆಗುತ್ತಿಲ್ಲ.'

ಮೊದಲನೆಯದನ್ನು ಎತ್ತಿ ಕಣ್ಣಿನ ಆಪರೇಷನ್ ಲೇಖನದ ಕೆಳಗೆ ಹಾಕಿದರೂ ಸರಿಹೋಗುತ್ತದೆ, ಅಲ್ವಾ? ಯಾರಿಗೆ ಆಯಿತು, ಯಾವಾಗ, ಏನು ತೊಂದರೆ, ಒಂದೂ ಇಲ್ಲ. ಸಿಟ್ಟಿದೆ ಅಂತ ನಾನು ಅದನ್ನು ಪಕ್ಕಕ್ಕಿಡುತ್ತಿಲ್ಲ. ಏಟು ತಿಂದವರು ಸಿಟ್ಟಿನಲ್ಲೇ ಮಾತಾಡುತ್ತಾರೆ. ವಿಷಯ ಇಲ್ಲ, ಅದಕ್ಕೆ ಪಕ್ಕಕ್ಕಿಡುತ್ತೇನೆ. ನಾಲ್ಕನೆಯವರು ಕಂಡಿದ್ದನ್ನು ಕಂಡಷ್ಟೇ ಹೇಳಿದ್ದಾರೆ. ಒಳ್ಳೆಯದನ್ನೂ ಮುಚ್ಚಿಟ್ಟಿಲ್ಲ, ಕೆಟ್ಟದ್ದನ್ನೂ ಮುಚ್ಚಿಟ್ಟಿಲ್ಲ. ಇಂಥ ವಿವರವನ್ನೂ ಕಟ್ಟಿ ಹೇಳುವವರಿದ್ದಾರೆ. ಅನುಮಾನ ಬಂದರೆ ಅವರು ಬೇರೆ ಕಡೆ ಏನು ಬರೆದಿದ್ದಾರೆ ಅಂತ ನೋಡಿ. ಕೊನೆಯಲ್ಲಿ ಯಾವುದೋ ಎಣ್ಣೆಯ ಹೆಸರೋ ಫೋನ್ ನಂಬರೋ ಬಂದರೆ ಮುಂದೆ ಓದಲೇಬೇಡಿ.

ಮೊದಲನೆಯದಕ್ಕೆ ಲೈಕ್ ಜಾಸ್ತಿ ಇದೆ ಅಂತಲೂ ಬರೆದಿದ್ದೀರಿ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಯೋಗದ ವಿವರ ಬಂದಿತ್ತು. ಸುದ್ದಿ ಹಂಚಿಕೊಳ್ಳುವ ಒಂದು ಸೈಟಿನ ಲಕ್ಷಕ್ಕೂ ಹೆಚ್ಚು ಕಾಮೆಂಟ್‌ಗಳ ಮೇಲೆ ನಡೆದ ಪ್ರಯೋಗ. ಕೆಲವು ಕಾಮೆಂಟ್‌ಗಳಿಗೆ, ಚೆನ್ನಾಗಿದೆಯೋ ಇಲ್ಲವೋ ನೋಡದೆ, ಹುಟ್ಟಿದ ಕೂಡಲೇ ಒಂದೇ ಒಂದು ಮೆಚ್ಚುಗೆಯ ವೋಟು ಹಾಕಿದರು. ಕೊನೆಗೆ ಅವುಗಳ ಅಂಕ ಸರಾಸರಿ ಶೇ. 25ರಷ್ಟು ಜಾಸ್ತಿಯಾಗಿತ್ತು. ಹಾಗಾಗಿ ಮೇಲೆ ಕಂಡಿದ್ದನ್ನಷ್ಟೇ ಓದಿ ನಿಲ್ಲಿಸಬೇಡಿ, ಕೆಳಗಿನವರೆಗೂ ಹೋಗಿ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಾಲ್ಕನೆಯ ಕಾಮೆಂಟಿನಲ್ಲಿ 'ಕೂರಲು ಆಗುತ್ತಿಲ್ಲ' ಅನ್ನುವುದರ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೀರಿ. 'ಮೆಟ್ಟಿಲು ಹತ್ತುತ್ತಾರೆ' ಅನ್ನೋದೂ ಅದೇ ಸಾಲಿನಲ್ಲಿದೆ. ಅದಕ್ಕೆ ಗೆರೆ ಬಿದ್ದಿಲ್ಲ. ಅಮ್ಮನ ವಿಷಯದಲ್ಲಿ ಯಾರಿಗಾದರೂ ಹಾಗೇ ಆಗುತ್ತದೆ. ನನಗೂ ಆಗುತ್ತದೆ. ಇಲ್ಲಿ ಕಾಮೆಂಟ್‌ಗಳನ್ನು ನೋಡಿ ಒಪ್ಪಿಗೆ ಕೊಡುವವನು ನಾನೇ. ಲೇಖನವನ್ನು ಹೊಗಳಿದವರನ್ನು ಒಂದು ಕ್ಷಣದಲ್ಲಿ ಒಳಗೆ ಬಿಡುತ್ತಿದ್ದೆ. ತೆಗಳಿದವರು ಯಾರು, ಯಾಕೆ ಬರೆದರು ಅಂತ ಕೆದಕುತ್ತಿದ್ದೆ. ಅದು ಗೊತ್ತಾದ ಮೇಲೆ ಹೊಗಳಿಕೆಯನ್ನೂ ಎರಡು ಸಲ ಓದುತ್ತೇನೆ.

ಆ ನಾಲ್ಕನೆಯ ಕಾಮೆಂಟನ್ನು ಹಾಗೇ ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗಿ. ಅಮ್ಮ ನೆಲದ ಮೇಲೆ ಕೂರಬಹುದಾ, ಎಷ್ಟು ದಿನ ಬೇಕು, ಕೂರಲು ಆಗದಿದ್ದರೆ ಮನೆಯಲ್ಲಿ ಏನು ಬದಲಿಸಬೇಕು ಅಂತ ಕೇಳಿ. ನಮ್ಮ ಲೇಖನದಲ್ಲಿ ಈ ವಿಷಯವೇ ಇರಲಿಲ್ಲ. ಅದು ನಮ್ಮ ತಪ್ಪು. ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ.

ನಿಮ್ಮ,
ಸಂಪಾದಕ