ಬೆಂಗಳೂರಿನ ಮಲ್ಲೇಶ್ವರಂನಲ್ಲಿ ಮ್ಯೂರಲ್ (ಗೋಡೆ ಮೇಲೆ ಬಿಡಿಸಿದ ದೊಡ್ಡ ಚಿತ್ರ) ಸಿಗ್ತಿಲ್ಲ, ಸಿಕ್ಕಿದ್ರೂ ಫೋಟೋ ಸೊಟ್ಟ ಬರ್ತಿದೆ ಅನ್ನೋದಕ್ಕೆ

ನೀವು ಸಂಪಿಗೆ ರೋಡು, ಮಾರ್ಗೋಸಾ ರೋಡಲ್ಲೇ ಓಡಾಡಿದೀರ ಅಂತ ಬರ್ದಿದೀರಲ್ಲ, ಬಹುಶಃ ಅದೇ ಕಾರಣ. ಅಲ್ಲಿ ಅಂಗಡಿ ಬೋರ್ಡು, ಪೋಸ್ಟರ್ ಬಿಟ್ರೆ ಖಾಲಿ ಗೋಡೆ ಎಲ್ಲಿದೆ? ಚಿತ್ರಗಳಿರೋದು ಮನೆಗಳ ಹಿಂದಿನ ಕನ್ಸರ್ವೆನ್ಸಿ ಲೇನ್‌ಗಳಲ್ಲಿ, ಎರಡು ಕ್ರಾಸ್ ಮಧ್ಯೆ ಇರೋ ಆ ಸಣ್ಣ ಗಲ್ಲಿಗಳಲ್ಲಿ. ಮೊದ್ಲು ಮ್ಯಾಪಲ್ಲಿ ಸ್ಯಾಟಲೈಟ್ ವ್ಯೂ ಹಾಕಿ ಆ ಗೆರೆಗಳನ್ನ ಗುರ್ತು ಮಾಡ್ಕೊಳಿ, ಆಮೇಲೆ ಒಂದು ಲೇನ್ ಒಳಗೆ ಹೋಗಿ ಪಕ್ಕದ್ರಲ್ಲಿ ವಾಪಸ್ ಬನ್ನಿ. ಹಳೇ ಫೋಟೋದಲ್ಲಿ ನೋಡಿದ ಚಿತ್ರ ಈಗ್ಲೂ ಇರತ್ತೆ ಅಂತ ಗ್ಯಾರಂಟಿ ಇಲ್ಲ, ಮಳೆಗೆ ಬಣ್ಣ ಉದುರತ್ತೆ, ಮನೆಯವ್ರು ಸುಣ್ಣನೂ ಹೊಡಿಸ್ತಾರೆ, ಅದಕ್ಕೇ ಸಿಕ್ಕಿದ್ರ ಫೋಟೋ ಅವತ್ತೇ ತೆಗ್ದುಬಿಡಿ.

ಸೊಟ್ಟ ಬರೋದು ಗಲ್ಲಿ ಇಕ್ಕಟ್ಟು ಅಂತ ನೀವು ವೈಡ್ ಲೆನ್ಸ್ ಹಾಕಿ ಫೋನ್ ಮೇಲಕ್ಕೆ ವಾಲಿಸೋದ್ರಿಂದ. ಎದುರು ಗೋಡೆಗೆ ಬೆನ್ನು ಒರಗಿಸಿ ನಿಂತು, ಗ್ರಿಡ್ ಆನ್ ಮಾಡಿ, ಫೋನ್ ನೆಟ್ಟಗೆ ಹಿಡ್ಕೊಂಡು 1x ನಲ್ಲಿ (ವೈಡ್ ಅಲ್ಲದ ಮಾಮೂಲಿ ಲೆನ್ಸಲ್ಲಿ) ಪಕ್ಕಪಕ್ಕಕ್ಕೆ ಸರಿದು ಮೂರ್ನಾಲ್ಕು ಫೋಟೋ ತೆಗೀರಿ, ಒಂದರ ಅಂಚು ಇನ್ನೊಂದರಲ್ಲಿ ಕಾಲು ಭಾಗ ಬರ್ಲಿ, ಮನೇಲಿ ಪನೋರಮಾ ಆಪ್‌ನಲ್ಲಿ ಜೋಡಿಸ್ಬೋದು. ಅರ್ಧ ಗೋಡೆಗೆ ಬಿಸ್ಲು ಅರ್ಧಕ್ಕೆ ನೆರಳು ಇದ್ರೆ ಬೇಡ, ಮೋಡ ಬಂದಾಗ ತೆಗೀರಿ, ಕೆಂಪು ಹಳದಿ ಎಲ್ಲ ಸರಿಯಾಗಿ ಕೂರತ್ತೆ. ಸಾಮಾನ್ಯವಾಗಿ ಕೆಳಗಿನ ಮೂಲೇಲಿ ಕಲಾವಿದರ ಸಹಿ ಇರತ್ತೆ, ಅದರದ್ದೊಂದು ಬೇರೆ ಕ್ಲೋಸಪ್ ತೆಗ್ದು, ಫೋಟೋ ಹಾಕೋವಾಗ ಹೆಸ್ರು ಕೊಡಿ ದಯವಿಟ್ಟು. ಮನೆ ಕಿಟಕಿ, ಒಗೆದ ಬಟ್ಟೆ ಫ್ರೇಮಲ್ಲಿ ಬಂದ್ರೆ ಅಲ್ಲಿಯವ್ರನ್ನ ಒಂದ್ಮಾತು ಕೇಳಿ.

ಅದಾದ್ಮೇಲೆ ಕಬ್ಬನ್ ಪಾರ್ಕ್ ಮೆಟ್ರೋ ಸ್ಟೇಷನ್‌ಗೆ ಹೋಗಿ, ಅಲ್ಲಿ ಸೃಷ್ಟಿ ಅನ್ನೋ ಆರ್ಟ್-ಡಿಸೈನ್ ಕಾಲೇಜಿನ ವಿದ್ಯಾರ್ಥಿಗಳ ಕಲಾ ಕೆಲ್ಸ ಇದೆ, ಕ್ಯಾಮೆರಾ ಹೊರಗೆ ತೆಗೆಯೋ ಮುಂಚೆ ಸಿಬ್ಬಂದಿ ಹತ್ರ ಪರ್ಮಿಷನ್ ಕೇಳಿ.