ಎರಡೂ ದೀಪ ಹತ್ತಿದಾಗ

ಓದುಗರೊಬ್ಬರ ಪತ್ರ: "ಫೆನ್ಸಿಂಗ್ ಎಂಬ ಕತ್ತಿಯಾಟದಲ್ಲಿ ಸೇಬರ್ ವಿಭಾಗ ಆಡುವ ಹದಿನೇಳರ ಹುಡುಗಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಮೂರು ಪುಟ ಬರೆದಿರಿ. ಕುತೂಹಲಕ್ಕೆ ಅವಳ ಇತ್ತೀಚಿನ ಪಂದ್ಯದ ವಿಡಿಯೊ ನೋಡಿದೆ. ಇಬ್ಬರ ದೀಪವೂ ಹತ್ತುತ್ತದೆ, ರೆಫ್ರಿ ಪಾಯಿಂಟನ್ನು ಎದುರಾಳಿಗೇ ಕೊಡುತ್ತಾರೆ. ಒಂದು ಸಲವಲ್ಲ, ಆರು ಸಲ! ಇದು ಪಕ್ಷಪಾತವಲ್ಲವೆ? ಅಲ್ಲ ಎನ್ನುವುದಾದರೆ, ಮೊದಲ ನಾಕೌಟ್‌ನಲ್ಲೇ ಸೋಲುವವಳಿಗೆ ಮೂರು ಪುಟ ಏಕೆ?"

ಸಂಪಾದಕರ ಉತ್ತರ:

ಮಾನ್ಯರೇ, ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇವೆ. "ತೀರ್ಪು ಕೊಡುವುದು ಯಂತ್ರ" ಎಂದು ಆ ಲೇಖನದಲ್ಲಿ ಅಚ್ಚಾಗಿತ್ತು. ಅದನ್ನು ನಂಬಿ ವಿಡಿಯೊ ನೋಡಿದ ಯಾರಿಗಾದರೂ ನಿಮ್ಮ ಹಾಗೆಯೇ ಸಿಟ್ಟು ಬರುತ್ತದೆ. ಪೆಟ್ಟು ತಗುಲಿತು ಎಂದಷ್ಟೇ ಯಂತ್ರ ದೀಪ ಹತ್ತಿಸಿ ಹೇಳುತ್ತದೆ. ಇಬ್ಬರ ಪೆಟ್ಟೂ 170 ಮಿಲಿಸೆಕೆಂಡಿನೊಳಗೆ, ಅಂದರೆ ಸೆಕೆಂಡಿನ ಸುಮಾರು ಆರನೇ ಒಂದು ಪಾಲಿನಲ್ಲಿ ಬಿದ್ದರೆ ಎರಡೂ ದೀಪ ಹತ್ತುತ್ತವೆ. 2016ರ ಬದಲಾವಣೆಗೆ ಮುನ್ನ ಈ ಅವಧಿ 120 ಮಿಲಿಸೆಕೆಂಡ್ ಇತ್ತು. ಫೆನ್ಸಿಂಗ್‌ನ ಇನ್ನೊಂದು ವಿಭಾಗವಾದ ಎಪೆಯಲ್ಲಾದರೆ ಒಟ್ಟಿಗೆ ಹೊಡೆದ ಇಬ್ಬರಿಗೂ ಒಂದೊಂದು ಪಾಯಿಂಟ್ ಸಿಗುತ್ತದೆ. ಸೇಬರ್‌ನಲ್ಲಿ ಹಾಗಿಲ್ಲ. ದಾಳಿ ಯಾರದಾಗಿತ್ತು ಎಂದು ರೆಫ್ರಿ ನೋಡುತ್ತಾರೆ. ದಾಳಿಗೆ ಒಳಗಾದವರು ಮೊದಲು ಕತ್ತಿಯಿಂದ ಅದನ್ನು ತಡೆಯಬೇಕು, ಇಲ್ಲವೆ ಹಿಂದೆ ಸರಿದು ಅದನ್ನು ಗಾಳಿಯಲ್ಲಿ ಕಳೆಯಬೇಕು. ಆಮೇಲಷ್ಟೇ ಅವರ ಸರದಿ. ಇಬ್ಬರೂ ಒಂದೇ ಕ್ಷಣಕ್ಕೆ ದಾಳಿ ಶುರುಮಾಡಿದ್ದರೆ ಯಾರಿಗೂ ಏನೂ ಇಲ್ಲ, ಮತ್ತೆ ಗೆರೆಗೆ ಹೋಗಿ ನಿಲ್ಲಬೇಕು.

ನೀವು ಹೇಳಿದ ಆ ಆರು ಪಾಯಿಂಟುಗಳನ್ನು ಒಬ್ಬ ಕೋಚ್ ಜೊತೆ ಕೂತು ನಿಧಾನಗತಿಯಲ್ಲಿ ನೋಡಿದೆವು. ನಾಲ್ಕರಲ್ಲಿ ಅವಳ ಕಾಲು ಮುಂದೆ ನುಗ್ಗಿತ್ತು, ಕೈ ಮಾತ್ರ ಮಡಚಿಕೊಂಡೇ ಇತ್ತು. ನೋಡುವವರ ಕಣ್ಣಿಗೆ ಅದು ದಾಳಿ, ನಿಯಮದ ಕಣ್ಣಿಗೆ ಅಲ್ಲ. ತೋಳು ಚಾಚಿ ಕತ್ತಿ ಎದುರಾಳಿಯನ್ನು ಬೆದರಿಸತೊಡಗಿದಾಗಲೇ ದಾಳಿ ಶುರುವಾಯಿತೆಂದು ಲೆಕ್ಕ. ಉಳಿದೆರಡರ ಬಗ್ಗೆ ನಮ್ಮಿಬ್ಬರಿಗೇ ಒಮ್ಮತವಾಗಲಿಲ್ಲ. ರೆಫ್ರಿಗಳು ತಪ್ಪೇ ಮಾಡುವುದಿಲ್ಲ ಎಂದು ನಾವು ಹೇಳಲಾರೆವು. ದೊಡ್ಡ ಪಂದ್ಯಗಳಲ್ಲಿ ಆಟಗಾರರೇ ವಿಡಿಯೊ ಮರುಪರಿಶೀಲನೆ ಕೇಳುವ ಅವಕಾಶ ಇಟ್ಟಿರುವುದೂ ಅದಕ್ಕೇ.

ಆ ಕೈ ಮಡಚಿಕೊಂಡದ್ದೇಕೆ ಎಂಬುದು ನಮಗೆ ಮುಖ್ಯವೆನಿಸಿತು. ಈ ವರ್ಷ ಅವಳು 17ರೊಳಗಿನ ಕೆಡೆಟ್ ವಿಭಾಗ ಬಿಟ್ಟು 20ರೊಳಗಿನ ಜೂನಿಯರ್‌ಗೆ ಬಂದಿದ್ದಾಳೆ. ಪಿಸ್ಟ್, ಅಂದರೆ ಆಟದ ಅಂಕಣ, 14 ಮೀಟರ್ ಉದ್ದವಿದ್ದರೂ ಆಟಗಾರರು ನಿಲ್ಲುವ ಗೆರೆಗಳ ನಡುವೆ ಇರುವುದು 4 ಮೀಟರ್ ಮಾತ್ರ. ಕೆಡೆಟ್‌ನಲ್ಲಿ ಆ ನಾಲ್ಕು ಮೀಟರನ್ನು ಎಲ್ಲರಿಗಿಂತ ಬೇಗ ದಾಟಿಯೇ ಅವಳು ಗೆಲ್ಲುತ್ತಿದ್ದಳು. ಜೂನಿಯರ್‌ನಲ್ಲಿ ಬೇಗ ದಾಟದವರೇ ಇಲ್ಲ. ಅಲ್ಲಿ ಗೆಲ್ಲುವುದು ನುಗ್ಗುವ ಹಾಗೆ ತೋರಿಸಿ ಅರ್ಧ ಹೆಜ್ಜೆ ತಡೆದು ನಿಲ್ಲಬಲ್ಲವರು. ಅವಳೀಗ ಆ ತಡೆಯುವಿಕೆಯನ್ನು ಕಲಿಯುತ್ತಿದ್ದಾಳೆ. ಕಾಲು ಹಳೆಯ ಅಭ್ಯಾಸದಲ್ಲಿ ಓಡುತ್ತದೆ, ಕೈ ಹೊಸ ಪಾಠ ನೆನೆದು ಕಾಯುತ್ತದೆ. ಅವಳ ಕೋಚ್ ಇದನ್ನು ಗೊತ್ತಿದ್ದೇ ಮಾಡಿಸುತ್ತಿದ್ದಾರೆ, ಸೋಲುತ್ತಾಳೆಂದೂ ಅವರಿಗೆ ಗೊತ್ತು. (15 ಪಾಯಿಂಟಿನ ಪಂದ್ಯದಲ್ಲಿ ಒಬ್ಬರ ಸ್ಕೋರು 8 ಮುಟ್ಟಿದಾಗ ಒಂದು ನಿಮಿಷದ ಬಿಡುವು ಇರುತ್ತದೆ. ಆ ನಿಮಿಷದಲ್ಲಿ ಅವರು ಹೇಳುವುದು ಒಂದೇ ವಾಕ್ಯವಂತೆ. ಎರಡು ಹೇಳಿದರೆ ಎರಡೂ ತಲೆಗೆ ಹೋಗುವುದಿಲ್ಲ ಎಂಬುದು ಅವರ ಅನುಭವ.)

ಇನ್ನು ಮೂರು ಪುಟದ ಮಾತು. ಭಾರತದ ಸೇಬರ್ ಆಟಗಾರ್ತಿ ಭವಾನಿ ದೇವಿ ಹದಿನಾಲ್ಕನೇ ವಯಸ್ಸಿನಲ್ಲಿ ಆಡಲು ಹೋದ ಮೊದಲ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಮೂರು ನಿಮಿಷ ತಡವಾಗಿ ಬಂದದ್ದಕ್ಕೆ ಕಪ್ಪು ಕಾರ್ಡ್ ಪಡೆದು ಹೊರಬಿದ್ದವರು. 2021ರಲ್ಲಿ ಟೋಕಿಯೊದಲ್ಲಿ ಒಲಿಂಪಿಕ್ಸ್‌ನ ಪಿಸ್ಟ್ ಹತ್ತಿದ ಮೊದಲ ಭಾರತೀಯರಾದಾಗ ಅವರಿಗೆ 27. ಮೊದಲ ಪಂದ್ಯ 15-3ರಿಂದ ಗೆದ್ದರು, ಎರಡನೆಯದರಲ್ಲಿ ಫ್ರಾನ್ಸ್‌ನ ಮಾನೊನ್ ಬ್ರುನೆ ಎದುರು 7-15ರಿಂದ ಸೋತರು. ಆ ಬ್ರುನೆ ಕಥೆಯನ್ನೂ ನೋಡಿ. 2016ರ ರಿಯೊದಲ್ಲಿ ಇಪ್ಪತ್ತರ ಹುಡುಗಿ, ನಾಲ್ಕನೇ ಸ್ಥಾನ, ಬರಿಗೈ. ಟೋಕಿಯೊದಲ್ಲಿ ಕಂಚು. 2024ರ ಪ್ಯಾರಿಸ್‌ನಲ್ಲಿ ಚಿನ್ನ. ಅದೇ ಪ್ಯಾರಿಸ್‌ನಲ್ಲಿ, ಸತತ ಮೂರು ಒಲಿಂಪಿಕ್ಸ್‌ಗಳ ವೈಯಕ್ತಿಕ ಚಿನ್ನ ಗೆದ್ದಿದ್ದ ಹಂಗೇರಿಯ ಆರೊನ್ ಸಿಲಾಡಿ ತಮ್ಮ ಮೊದಲ ಪಂದ್ಯದಲ್ಲೇ ಸೋತು ಹೊರನಡೆದರು. ಮೊದಲ ಸುತ್ತಿನಲ್ಲಿ ಸೋತವರಿಗೆ ಪುಟ ಕೊಡಬಾರದೆಂದರೆ ಅವರ ಬಗ್ಗೆಯೂ ನಾವು ಬರೆಯುವ ಹಾಗಿಲ್ಲ.

ಹಾಗೆಂದು ನಮ್ಮ ಹುಡುಗಿ ಪದಕ ಗೆದ್ದೇ ಗೆಲ್ಲುತ್ತಾಳೆ ಎಂಬ ಭರವಸೆ ನಾವು ಕೊಡುತ್ತಿಲ್ಲ. ಓದು, ಪರೀಕ್ಷೆ, ಉಳುಕಿದ ಕಣಕಾಲು, ಯಾವುದು ಬೇಕಾದರೂ ಅಡ್ಡ ಬರಬಹುದು. ಆ ಲೇಖನದಲ್ಲಿ ಪದಕಗಳ ಪಟ್ಟಿಗೆ ಅಷ್ಟು ಜಾಗ ಕೊಟ್ಟು ಈ ಕೈ-ಕಾಲಿನ ಜಗಳದ ಬಗ್ಗೆ ಒಂದು ಸಾಲೂ ಬರೆಯದಿದ್ದದ್ದು ನಮ್ಮದೇ ಕೊರತೆ.

ಅಚ್ಚಿಗೆ ಕಳಿಸುವ ಮುನ್ನ ನಿಮ್ಮ ಪತ್ರವನ್ನು ಅವಳಿಗೆ ತೋರಿಸಿದೆವು. ಓದಿ ನಕ್ಕು, "ಆರಲ್ಲ ಸಾರ್, ಏಳು. ಅವರು ಒಂದನ್ನು ಬಿಟ್ಟಿದ್ದಾರೆ" ಎಂದಳು.