ತೋಟ ಮಾರುವ ಮುಂಚೆ ಅಪ್ಪನನ್ನು ಕೇಳಿದ್ದೀರಾ?

ಪ್ರಶ್ನೆ: ನನಗೆ 36 ವರ್ಷ. ಬೆಂಗಳೂರಿನಲ್ಲಿ ಖಾಸಗಿ ಕಂಪನಿಯಲ್ಲಿ ಕೆಲಸ, ಕೈಗೆ 42 ಸಾವಿರ ಬರುತ್ತೆ. ಗಂಡ ಮತ್ತು ನಾಲ್ಕನೇ ಕ್ಲಾಸಿನಲ್ಲಿ ಓದುವ ಮಗಳು ಇದ್ದಾರೆ. ತವರು ಚನ್ನಗಿರಿ ತಾಲ್ಲೂಕು. ಅಪ್ಪಾಜಿಗೆ 64. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವುದು ಮೊದಲಿಂದಲೂ ಇತ್ತು. ಹೋದ ವರ್ಷ ಬಾಯಿ ಕ್ಯಾನ್ಸರ್ ಅಂತ ಗೊತ್ತಾಯಿತು. ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್, ರೇಡಿಯೇಷನ್ ಎಲ್ಲ ಸೇರಿ ಏಳು ಲಕ್ಷ ದಾಟಿತು. ಅಮ್ಮನ ಒಡವೆ ಸೊಸೈಟಿಯಲ್ಲಿ ಅಡ ಇದೆ, ನಾನು ಮೊಬೈಲ್ ಆ್ಯಪ್‌ನಲ್ಲಿ ಎರಡು ಸಾಲ ತೆಗೆದಿದ್ದೀನಿ. ಈಗ ಕಾಯಿಲೆ ವಾಪಸ್ ಬಂದು ಶ್ವಾಸಕೋಶಕ್ಕೂ ಹರಡಿದೆ. ಇಮ್ಯುನೊಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸೋ ಔಷಧಿ, ಕೊಡೋಣ ಅಂತಾರೆ ಡಾಕ್ಟರು. ಮೂರು ವಾರಕ್ಕೊಂದು ಇಂಜೆಕ್ಷನ್, ಒಂದಕ್ಕೆ 1 ಲಕ್ಷ 60 ಸಾವಿರ. ಒಂದೂವರೆ ಎಕರೆ ಅಡಿಕೆ ತೋಟ ಮಾರೋಣ ಅಂತಾನೆ ತಮ್ಮ. ತೋಟ ಹೋದರೆ ಅಮ್ಮನಿಗೆ, ಅವನ ಸಂಸಾರಕ್ಕೆ ಏನು ಗತಿ ಅಂತ ನನಗೆ ಭಯ. ಬೇಡ ಅಂದಿದ್ದಕ್ಕೆ ಚಿಕ್ಕಪ್ಪ, "ಹೆತ್ತಪ್ಪನ ವಿಷಯದಲ್ಲೂ ಲೆಕ್ಕ ಹಾಕ್ತೀಯಾ?" ಅಂದುಬಿಟ್ಟರು. ಅಪ್ಪಾಜಿಗೆ ನಾವು ನಿಜ ಹೇಳಿಲ್ಲ, ಹುಣ್ಣು ಪೂರ್ತಿ ಮಾಗಿಲ್ಲ ಅಷ್ಟೇ ಅಂದಿದ್ದೀವಿ. ಅವರಿಗೆ ಮಾತು ಸರಿಯಾಗಿ ಬರಲ್ಲ, ನೋಟ್‌ಬುಕ್‌ನಲ್ಲಿ ಬರೆದು ತೋರಿಸ್ತಾರೆ. ಮೊನ್ನೆ "ತೋಟ ನೋಡಕ್ಕೆ ಯಾರು ಬಂದಿದ್ರು?" ಅಂತ ಬರೆದರು. ಬೋರ್‌ವೆಲ್‌ನವರು ಅಂದೆ. ತಮ್ಮನ ಹೆಂಡತಿ ಮೂಗಿನ ಟ್ಯೂಬಿನಲ್ಲಿ ಗಂಜಿ ಹಾಕ್ತಾಳೆ. ನಾನು ದುಡ್ಡು ಕಳಿಸೋದು ಬಿಟ್ಟು ಬೇರೇನೂ ಮಾಡ್ತಿಲ್ಲ. ನಾನು ಮಾಡ್ತಿರೋದು ತಪ್ಪಾ?

ಉತ್ತರ:

ಸಹೋದರಿ, ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಇಂಜೆಕ್ಷನ್ನಿನ ಬೆಲೆಯಲ್ಲ, ನಿಮ್ಮ ತಂದೆ ನೋಟ್‌ಬುಕ್‌ನಲ್ಲಿ ಬರೆದ ಆ ಒಂದು ಸಾಲು. ವರ್ಷಗಟ್ಟಲೆ ತೋಟ ಮಾಡಿದವರಿಗೆ ಬೋರ್‌ವೆಲ್ ಪಾಯಿಂಟ್ ನೋಡುವವರು ಯಾರು, ಬೇಲಿಯಂಚಿನಲ್ಲಿ ನಿಂತು ಅಳತೆ ಹಾಕುವವರು ಯಾರು ಅಂತ ಗೊತ್ತಾಗದೇ ಇರುತ್ತದೆಯೇ? ಅವರಿಗೆ ಉತ್ತರ ಗೊತ್ತಿದೆ. ಅದು ನಿಮ್ಮ ಬಾಯಿಂದ ಬರುತ್ತದಾ ಅಂತ ನೋಡಿದ್ದಾರೆ.

ಮಾರಬೇಕಾ ಬೇಡವಾ ಅಂತ ನೀವು, ತಮ್ಮ, ಚಿಕ್ಕಪ್ಪ ಮೂವರೂ ಜಗಳ ಆಡುತ್ತಿದ್ದೀರಿ. ತೋಟ ಯಾರದ್ದೋ, ಮೈ ಯಾರದ್ದೋ ಅವರನ್ನು ಮಾತ್ರ ಯಾರೂ ಕೇಳಿಲ್ಲ. ನನ್ನ ಉತ್ತರದ ಮುಕ್ಕಾಲು ಭಾಗ ಇಷ್ಟೇ: ಮೊದಲು ಅವರನ್ನು ಕೇಳಿ. ಪಹಣಿ ಅವರ ಹೆಸರಲ್ಲಿದ್ದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಮಾಡಬೇಕಾದವರೂ ಅವರೇ. ಆ ದಿನ ಮೂಗಿಗೆ ಟ್ಯೂಬ್ ಹಾಕಿಕೊಂಡು ಕುರ್ಚಿಯಲ್ಲಿ ಕೂತವರಿಗೆ "ಇದು ಯಾಕೆ" ಅಂತ ಏನು ಹೇಳುತ್ತೀರಿ? ತೋಟ ಪಿತ್ರಾರ್ಜಿತವಾಗಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಪ್ರಕಾರ ಹೆಣ್ಣುಮಗಳಾದ ನಿಮಗೂ ತಮ್ಮನಷ್ಟೇ ಪಾಲಿದೆ, ನಿಮ್ಮ ಸಹಿಯನ್ನೂ ಕೇಳುತ್ತಾರೆ. ಸುಳ್ಳು ಹೇಳಿಕೊಂಡು ಮಾಡಿ ಮುಗಿಸುವ ಕೆಲಸ ಇದಲ್ಲ.

ಹೇಳುವುದು ಹೇಗೆ ಎನ್ನುವ ಸಂಕಟ ನನಗೆ ಅರ್ಥವಾಗುತ್ತದೆ. ಎದುರಿಗೆ ಕೂತು ರಿಪೋರ್ಟ್ ಓದಿ ಹೇಳಬೇಕಿಲ್ಲ. ಮೊದಲು ಅವರಿಗೆ ಎಷ್ಟು ಗೊತ್ತಿದೆ ಅಂತ ಕೇಳಿ. "ಅಪ್ಪಾಜಿ, ಕಾಯಿಲೆ ಹೇಗಿದೆ ಅನ್ನಿಸ್ತಿದೆ ನಿಮಗೆ?" ಅಂತ ನೋಟ್‌ಬುಕ್ ಕೈಗೆ ಕೊಡಿ. ಏನು ಬರೆಯುತ್ತಾರೋ ಅಲ್ಲಿಂದ ಮುಂದುವರಿಸಿ. "ಇನ್ನೂ ಹೇಳ್ಲಾ, ಇಷ್ಟು ಸಾಕಾ?" ಅಂತ ಕೇಳಿ. ಕೆಲವರು ಸಾಕು ಅಂತಾರೆ, ಅದೂ ಅವರ ಹಕ್ಕು. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಊರಿನ ಮಂದಿ ನೋಡಲು ಬರುವ ಹೊತ್ತು ಬೇಡ. ನಿಜ ತಿಳಿದರೆ ಧೈರ್ಯಗೆಟ್ಟು ಬೇಗ ಹೋಗಿಬಿಡುತ್ತಾರೆ ಅಂತ ನಮ್ಮ ಮನೆಗಳಲ್ಲಿ ಹೇಳುವುದಿದೆ. ನಾನು ಕಂಡಂತೆ, ಜನ ನಿಜ ಕೇಳಿದ ದಿನ ಅಳುತ್ತಾರೆ, ಆಮೇಲೆ ಸೊಸೈಟಿ ಸಾಲ ಎಷ್ಟಿದೆ, ಮೊಮ್ಮಗಳು ಯಾವಾಗ ಬರುತ್ತಾಳೆ ಅಂತ ಕೇಳತೊಡಗುತ್ತಾರೆ. ಎಲ್ಲರೂ ಸೇರಿ ಏನೋ ಮುಚ್ಚಿಡುತ್ತಿದ್ದಾರೆ ಎಂದು ತಿಳಿದೂ ಒಬ್ಬರೇ ಮಲಗಿರುವುದು ಅದಕ್ಕಿಂತ ಕಷ್ಟ.

ಇನ್ನು ಆ ಇಂಜೆಕ್ಷನ್ ವಿಷಯ. ನಾನು ವೈದ್ಯೆಯಲ್ಲ, ಕೊಡಿಸಿ ಅಥವಾ ಬಿಡಿ ಅಂತ ಹೇಳುವ ಅಧಿಕಾರ ನನಗಿಲ್ಲ. ಆದರೆ ತೋಟ ಮಾರಿಯಾದರೂ ಮಾಡಿಸಬೇಕಾದ ಚಿಕಿತ್ಸೆ ಅಂದಮೇಲೆ ಡಾಕ್ಟರನ್ನು ಬಿಡದೆ ಕೇಳಬೇಕಾದ ಮಾತುಗಳಿವೆ. ಇದು ಕಾಯಿಲೆ ವಾಸಿ ಮಾಡಲಿಕ್ಕಾ, ಸ್ವಲ್ಪ ಕಾಲ ಮುಂದೂಡಲಿಕ್ಕಾ? ನಮ್ಮ ತಂದೆಯ ಸ್ಥಿತಿಯಲ್ಲಿರುವವರಿಗೆ ಸಾಮಾನ್ಯವಾಗಿ ಎಷ್ಟು ತಿಂಗಳ ಅನುಕೂಲ ಆಗಿದೆ? ಎಷ್ಟು ಇಂಜೆಕ್ಷನ್ ಆದಮೇಲೆ ಸ್ಕ್ಯಾನ್ ಮಾಡಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಹೇಳುತ್ತೀರಿ? ಈ ಔಷಧಿ ಹಿಡಿಸುತ್ತದೋ ಇಲ್ಲವೋ ಎಂದು ಅಂದಾಜು ಮಾಡಲು ಗಡ್ಡೆಯ ತುಣುಕಿನಲ್ಲಿ ಪಿಡಿ-ಎಲ್1 ಎಂಬ ಪರೀಕ್ಷೆ ಮಾಡುತ್ತಾರೆ, ಅದು ಆಗಿದೆಯಾ? ಔಷಧ ಕಂಪನಿಯ ಕಡೆಯಿಂದ ರೋಗಿಗಳಿಗೆ ರಿಯಾಯಿತಿ ಯೋಜನೆ ಇದೆಯಾ? ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಹಿಂಜರಿಯಬೇಡಿ. ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಉತ್ತರವನ್ನು ಅಲ್ಲೇ ಬರೆದುಕೊಳ್ಳಿ.

ಇನ್ನೊಂದು ಮಾತೂ ಕೇಳಿ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ನಿಮ್ಮ ತಂದೆಯವರಂತೆಯೇ ಮುಂದುವರಿದ ಬಾಯಿ, ಗಂಟಲು ಭಾಗದ ಕ್ಯಾನ್ಸರ್ ಇರುವವರ ಮೇಲೆ ಒಂದು ಅಧ್ಯಯನ ನಡೆಸಿದ್ದಾರೆ. 2022ರಲ್ಲಿ ಅದು ಪ್ರಕಟವಾಯಿತು. ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧಿಯನ್ನು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ, ಅಂದರೆ ವಾಡಿಕೆಯ ಡೋಸಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ, ಕಡಿಮೆ ಬೆಲೆಯ ಮಾತ್ರೆಗಳ ಜೊತೆ ಕೊಟ್ಟು ನೋಡಿದರು. ಮಾತ್ರೆ ಮಾತ್ರ ತೆಗೆದುಕೊಂಡವರಲ್ಲಿ ಒಂದು ವರ್ಷ ಬದುಕಿದ್ದವರು ಶೇ 16ರಷ್ಟು. ಈ ಪುಟ್ಟ ಡೋಸೂ ಸೇರಿದವರಲ್ಲಿ ಶೇ 43ರಷ್ಟು. ನಮ್ಮಂಥ ದೇಶದ ಬಡವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಕೆಲಸ ಇದು, ನನಗಂತೂ ಅದರ ಬಗ್ಗೆ ತುಂಬ ಗೌರವ ಇದೆ. ನಿಮ್ಮ ತಂದೆಗೆ ಇದು ಹೊಂದುತ್ತದೋ ಇಲ್ಲವೋ ಕ್ಯಾನ್ಸರ್ ತಜ್ಞರೇ ಹೇಳಬೇಕು. ಆದರೆ ಕೇಳದೇ ತೋಟ ಬರೆದುಕೊಡಬೇಡಿ. ಈಗಿನ ಆಸ್ಪತ್ರೆಯಲ್ಲಿ ಸಮಾಧಾನದ ಉತ್ತರ ಸಿಗದಿದ್ದರೆ ಎಲ್ಲ ರಿಪೋರ್ಟ್, ಸ್ಕ್ಯಾನ್ ಸಿಡಿ, ಬಯಾಪ್ಸಿಯ ಬ್ಲಾಕ್ (ಮೇಣದಲ್ಲಿ ಕೂರಿಸಿಟ್ಟ ಗಡ್ಡೆಯ ತುಣುಕು) ಕೇಳಿ ತೆಗೆದುಕೊಂಡು ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಗೆ ಹೋಗಿ ಎರಡನೇ ಅಭಿಪ್ರಾಯ ಪಡೆಯಿರಿ. ಬಯಾಪ್ಸಿ ಬ್ಲಾಕ್ ಕೇಳಲು ಸಂಕೋಚ ಬೇಡ.

ಏಳು ಲಕ್ಷ ಕೈಯಿಂದಲೇ ಕಟ್ಟಿದ್ದೀರಿ. ಊರಿನ ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೂ ಪ್ಯಾಕೇಜ್ ದರದ ಶೇ 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ, ಸರ್ಕಾರ ಕೊಡುತ್ತದೆ. ಕೀಮೋ, ರೇಡಿಯೇಷನ್ ಈ ಪಟ್ಟಿಯಲ್ಲಿವೆ. ಕಾರ್ಡ್ ಸರ್ಕಾರಿ ಆಸ್ಪತ್ರೆಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ, ಹಾಗಲ್ಲ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಸಿಕ್ಕರೆ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಯಲ್ಲೂ ನಡೆಯುತ್ತದೆ. ಅಲ್ಲಿ ಆರೋಗ್ಯಮಿತ್ರ ಅಂತ ಯೋಜನೆಯ ಸಿಬ್ಬಂದಿ ಒಬ್ಬರು ಕೂತಿರುತ್ತಾರೆ, ಬಿಲ್ಲಿಂಗ್ ಕೌಂಟರಿಗೆ ಹೋಗುವ ಮುಂಚೆ ಅವರನ್ನು ಕಾಣಿ. ಮೊದಲು ದುಡ್ಡು ಕಟ್ಟಿ ಆಮೇಲೆ ಕಾರ್ಡ್ ತೋರಿಸಿದರೆ ಕೆಲಸ ಆಗುವುದಿಲ್ಲ, ಎಷ್ಟೋ ಕುಟುಂಬಗಳು ಎಡವುವುದು ಇಲ್ಲೇ. ಮುಖ್ಯಮಂತ್ರಿಗಳ ಪರಿಹಾರ ನಿಧಿಗೂ ಅರ್ಜಿ ಹಾಕಿ, ನಿಮ್ಮ ಶಾಸಕರ ಕಚೇರಿಯಲ್ಲಿ ದಾರಿ ಹೇಳುತ್ತಾರೆ.

ನಿಮ್ಮ ಕಂಪನಿಯ ಎಚ್‌ಆರ್‌ನವರನ್ನೂ ಕೇಳಿ. ಗುಂಪು ವಿಮೆಯಲ್ಲಿ ತಂದೆ ತಾಯಿಯನ್ನು ಪ್ರೀಮಿಯಂ ಕಟ್ಟಿ ಸೇರಿಸಲು ಬರುತ್ತದಾ, ಮೊದಲೇ ಇರುವ ಕಾಯಿಲೆಗೂ ಅನ್ವಯಿಸುತ್ತದಾ ಅಂತ ವಿಚಾರಿಸಿ. ಪಿಎಫ್‌ನಲ್ಲಿ ಕುಟುಂಬದವರ ಚಿಕಿತ್ಸೆಗೆ ಮುಂಗಡ ತೆಗೆಯುವ ಅವಕಾಶ ಇದೆ. ಅದು ಸಿಕ್ಕರೆ ಮೊದಲು ಆ್ಯಪ್ ಸಾಲಗಳನ್ನು ತೀರಿಸಿ. ಸೊಸೈಟಿಯ ಒಡವೆ ಸಾಲ ಕಾಯುತ್ತದೆ, ಆ್ಯಪ್‌ನವರು ಕಾಯುವುದಿಲ್ಲ. ಆಸ್ಪತ್ರೆಗೆ ಬಂದು ಹೋಗುವ ಖರ್ಚೂ ಸಣ್ಣದಲ್ಲ. ಆಸ್ಪತ್ರೆಯಿಂದ ಸರ್ಟಿಫಿಕೇಟ್ ತಂದರೆ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ಪೂರ್ತಿ ರಿಯಾಯಿತಿ, ಜೊತೆಗೆ ಬರುವವರಿಗೂ ದೊಡ್ಡ ರಿಯಾಯಿತಿ ಇದೆ.

ತೋಟದಿಂದಲೇ ದುಡ್ಡು ಎತ್ತಬೇಕು ಅಂತ ನಿಮ್ಮ ತಂದೆಯೇ ಹೇಳಿದರೂ ಮಾರಾಟವೇ ದಾರಿ ಅಲ್ಲ. ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟು ಮುಂಗಡ ತೆಗೆದುಕೊಳ್ಳಬಹುದು. ನಿಮ್ಮ ಕಷ್ಟ ಗೊತ್ತಾದರೆ ದರ ಇಳಿಸಿ ಕೇಳುತ್ತಾರೆ, ಅದಕ್ಕೇ ಇಬ್ಬರು ಮೂವರು ಚೇಣಿದಾರರನ್ನು ವಿಚಾರಿಸಿ, ಒಂದು ವರ್ಷಕ್ಕಿಂತ ಹೆಚ್ಚಿಗೆ ಬರೆದುಕೊಡಬೇಡಿ.

ಚಿಕಿತ್ಸೆ ಬಿಡುವುದು ಅಂದರೆ ಅಪ್ಪನನ್ನೇ ಕೈಬಿಟ್ಟಂತೆ ಅಂತ ನೀವೆಲ್ಲ ಅಂದುಕೊಂಡಿದ್ದೀರಿ. ಇಂಜೆಕ್ಷನ್ ಕೊಡಿಸಿದರೂ ಬಿಟ್ಟರೂ ಇವತ್ತಿನಿಂದಲೇ ಬೇಕಾದ ಚಿಕಿತ್ಸೆ ಇನ್ನೊಂದಿದೆ, ಅದು ನೋವು ನೀಗುವ ಉಪಶಮನ ಆರೈಕೆ. ಬಾಯಿ ಕ್ಯಾನ್ಸರಿನ ನೋವು ಸಾಮಾನ್ಯದ್ದಲ್ಲ. ಅದಕ್ಕೆ ಮಾರ್ಫಿನ್ ಇದೆ, ವೈದ್ಯರ ಉಸ್ತುವಾರಿಯಲ್ಲಿ ಹೊತ್ತಿಗೆ ಸರಿಯಾಗಿ ಕೊಟ್ಟರೆ ರಾತ್ರಿ ನಿದ್ದೆ ಬರುತ್ತದೆ. ಚಟ ಹತ್ತುತ್ತದೆ ಅಂತ ಹೆದರಿ ನೋವು ತಿನ್ನಿಸಬೇಡಿ. ಗಾಯದಿಂದ ವಾಸನೆ ಬರುತ್ತಿದ್ದರೆ ಅವರು ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಮೊಮ್ಮಗಳು ಬಂದರೂ ಮುಖ ತಿರುಗಿಸುತ್ತಾರೆ. ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿ ಮಾಡಿ ಗಾಯಕ್ಕೆ ಉದುರಿಸುವ ಕ್ರಮ ಇದೆ, ಕೆಲವು ರೂಪಾಯಿಯ ಮಾತ್ರೆ. ಡಾಕ್ಟರನ್ನೋ ನರ್ಸನ್ನೋ ಕೇಳಿ ಮಾಡಿ. ಕಿದ್ವಾಯಿಯಲ್ಲಿ ಉಪಶಮನ ವಿಭಾಗ ಇದೆ. ಮನೆಯಲ್ಲಿ ನೋಡಿಕೊಳ್ಳಲು ಆಗದ ಹಂತ ಬಂದರೆ ಬೆಂಗಳೂರಿನ ಮಾರತ್ತಹಳ್ಳಿ ಬಳಿಯ ಕರುಣಾಶ್ರಯದಲ್ಲಿ ಒಂದು ಪೈಸೆಯನ್ನೂ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಮುಂದೆ ಐಸಿಯು, ವೆಂಟಿಲೇಟರ್ ಬೇಕೋ ಬೇಡವೋ ಎನ್ನುವುದನ್ನೂ ನಿಮ್ಮ ತಂದೆಯೇ ಬರೆದಿಡಬಹುದು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿಯಿಂದ ದೃಢೀಕರಿಸಿದರೆ ಅಂಥ ಪತ್ರಕ್ಕೆ ಸುಪ್ರೀಂ ಕೋರ್ಟ್ ಮಾನ್ಯತೆ ಕೊಟ್ಟಿದೆ. ನೋಟ್‌ಬುಕ್‌ನಲ್ಲಿ ಬರೆಯುವ ಶಕ್ತಿ ಇರುವಾಗಲೇ ಆಗಬೇಕಾದ ಕೆಲಸ ಅದು.

ನಿಮ್ಮ ತಮ್ಮನ ಹೆಂಡತಿಯ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೀರಿ. ಟ್ಯೂಬಿನಲ್ಲಿ ಗಂಜಿ ಹಾಕುವುದು ಅಂದರೆ ಏನು ಅಂತ ಯೋಚನೆ ಮಾಡಿ. ಗಂಟು ಇರದ ಹಾಗೆ ಗಂಜಿ ಬೇಯಿಸಿ ಸೋಸಬೇಕು. ಮಾವನನ್ನು ಎತ್ತಿ ದಿಂಬಿಗೆ ಒರಗಿಸಿ, ಸಿರಿಂಜ್ ಎತ್ತಿ ಹಿಡಿದು ನಿಧಾನಕ್ಕೆ ಇಳಿಬಿಟ್ಟು, ಆಮೇಲೆ ನೀರು ಬಿಟ್ಟು ಟ್ಯೂಬ್ ತೊಳೆದು, ಎರಡು ಮೂರು ತಾಸಿಗೆ ಮತ್ತೆ ಅದೇ. ನಡುವೆ ಮನೆ, ಮಕ್ಕಳು. ಅವಳು ಎಲ್ಲೂ ಹೋಗುವ ಹಾಗಿಲ್ಲ. ತೋಟ ಮಾರೋಣ ಅಂತ ತಮ್ಮ ಪಟ್ಟು ಹಿಡಿದಿರುವುದರ ಹಿಂದೆ ದಿನಾ ಕಣ್ಣೆದುರು ಆ ಸಂಕಟ ನೋಡಲಾರದ ದಣಿವೂ ಇರಬಹುದು. ನೀವು ದುಡ್ಡು ಕಳಿಸುವುದು ಕಡಿಮೆ ಕೆಲಸವೇನಲ್ಲ, ನಿಮ್ಮನ್ನು ನೀವು ಹೀಗಳೆದುಕೊಳ್ಳಬೇಡಿ. ಆದರೆ ತಿಂಗಳಿಗೆ ಎರಡು ಶನಿವಾರ ಭಾನುವಾರ ಹೋಗಿ ಟ್ಯೂಬ್ ನೀವು ಹಿಡಿಯಿರಿ, ಅವಳನ್ನು ತವರಿಗೆ ಕಳಿಸಿ. ಗಂಜಿ ಹಾಕುವ ಹೊತ್ತಲ್ಲೇ ಅಪ್ಪನ ಜೊತೆ ಮಾತಿಗೂ ಸಮಯ ಸಿಗುತ್ತದೆ. ನಿಮ್ಮ ಗಂಡನಿಗೂ ಇದನ್ನೆಲ್ಲ ಬಿಡಿಸಿ ಹೇಳಿ, ಪತ್ರದಲ್ಲಿ ಅವರ ಅಭಿಪ್ರಾಯ ಎಲ್ಲೂ ಕಾಣಲಿಲ್ಲ.

ನೀವು ತಪ್ಪು ಮಾಡುತ್ತಿದ್ದೀರಾ ಅಂತ ಕೇಳಿದಿರಿ. ಲೆಕ್ಕ ಹಾಕುವುದು ತಪ್ಪಲ್ಲ. ಅಪ್ಪ ಹೋದಮೇಲೂ ಅಮ್ಮ ಇದೇ ಮನೆಯಲ್ಲಿ ಬದುಕಬೇಕು ಅಂತ ಯೋಚಿಸುವ ಮಗಳು ಕಲ್ಲುಮನಸ್ಸಿನವಳಲ್ಲ. ಆ ಲೆಕ್ಕದಿಂದ ಅಪ್ಪನನ್ನೇ ಹೊರಗಿಟ್ಟಿದ್ದೀರಲ್ಲ, ನೀವು ತಿದ್ದಿಕೊಳ್ಳಬೇಕಾದದ್ದು ಅದೊಂದೇ. ಅವರು ಎಲ್ಲ ಕೇಳಿಸಿಕೊಂಡು "ಇಂಜೆಕ್ಷನ್ ಕೊಡಿಸಿ" ಅಂತ ಬರೆದರೆ, ಎಷ್ಟು ಇಂಜೆಕ್ಷನ್ ನೋಡಿ ನಿಲ್ಲಿಸುವುದು ಅಂತ ಡಾಕ್ಟರ ಹತ್ತಿರ ಮೊದಲೇ ಮಾತಾಡಿಕೊಂಡು ಕೊಡಿಸಿ. "ಬೇಡ" ಅಂತ ಬರೆದರೆ ಆ ಮಾತಿಗೂ ಅಷ್ಟೇ ಬೆಲೆ ಕೊಡಿ, ನಿಮ್ಮ ಸಮಾಧಾನಕ್ಕೋಸ್ಕರ ಒತ್ತಾಯ ಮಾಡಬೇಡಿ. ಅಲ್ಲಿಯವರೆಗೆ ತೋಟ ಕೊಳ್ಳುವವರಿಂದ ಮುಂಗಡ ಮುಟ್ಟಬೇಡಿ ಅಂತ ತಮ್ಮನಿಗೆ ಇವತ್ತೇ ಫೋನ್ ಮಾಡಿ ಹೇಳಿ.

ಚಿಕ್ಕಪ್ಪನ ಹತ್ತಿರ ವಾದಕ್ಕೆ ನಿಲ್ಲಬೇಡಿ. ಡಾಕ್ಟರನ್ನು ಕಾಣುವ ದಿನ ಗೊತ್ತು ಮಾಡಿಕೊಂಡು, "ಚಿಕ್ಕಪ್ಪಾಜಿ, ಬುಧವಾರ ಹತ್ತು ಗಂಟೆಗೆ ಆಸ್ಪತ್ರೆಗೆ ಹೋಗಬೇಕು, ನೀವೂ ಬನ್ನಿ" ಅಂತ ಕರೆಯಿರಿ. ಆ ಪ್ರಶ್ನೆಗಳ ಹಾಳೆಯ ಒಂದು ಪ್ರತಿ ಅವರ ಕೈಗೂ ಕೊಡಿ.